ದೇವಾಲಯದ ಹಾಡೂ ನನ್ನ ಕಿವಿಯೂ

ಈ ತಿಂಗಳು ದೇವಾಲಯದ ಹಾಡುಗಳ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದಿರುವೆನು. ಸಂಗೀತಶಾಸ್ತ್ರವನ್ನು ನಾನು ಬಲ್ಲವನಲ್ಲ. ಆದರೆ ಮೂವತ್ತು ವರ್ಷಕ್ಕೂ ಮಿಕ್ಕಿ ಹುಡುಗರಿಗೆ ಸಂಸ್ಕೃತದ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದವನಾದ್ದರಿಂದ ಕಿವಿಯು ಸೂಕ್ಷ್ಮವಾಗಿರುವದು. ಹ್ರಸ್ವದೀರ್ಘಗಳ ತಪ್ಪು ಕೇಳಿದರೆ ಅನ್ನದಲ್ಲಿ ಹರಳು ಸಿಕ್ಕಂತಾಗುವದು. ಈ ಕಿವಿಯೇ ನನ್ನಿಂದ ಒಂದು ಅಪರಾಧವನ್ನು ಮಾಡಿಸಿತು.

ನಮ್ಮ ಗುಳೇದಗುಡ್ಡದಲ್ಲಿ ಬಾಸೆಲ್ ಮಿಶನ್ನಿನವರು ನೆಲೆಯೂರಿದ್ದು 1851ರಲ್ಲಿ. ತಮ್ಮ ನಾಡಿನ ಧಾಟಿಗಳನ್ನು ಅವರು ಸಂಗಡ ತಂದು, ಕನ್ನಡದ ಮಾತುಗಳನ್ನು ಅವುಗಳಿಗೆ ಹೊಂದಿಸಿದರು. ಧಾಟಿಯೇನೋ ಗಂಭೀರವಾದದ್ದು, ನೂರು ಜನ ಒಂದೇ ಕಂಠದಿಂದ ಹಾಡಲು ಯೋಗ್ಯವಾದದ್ದು. ಆದರೆ ಸ್ವರವನ್ನು ಎಳೆದಲ್ಲಿ ಅಕ್ಷರವೂ ಎಳೆಯಲ್ಪಟ್ಟು, ‘ಬಲ’ವು ‘ಬಾಲ’ವಾಗುವ ಭಯವಿರುವದು. ಆ ಪಾದ್ರಿಗಳು ಕನ್ನಡದ ಜಾಯಮಾನವನ್ನು ಅರಿಯದವರೆಂದು ಹೇಳಲಾಗದು. ಮೋಗ್ಲಿಂಗರು 1850ರಲ್ಲಿ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಕಿಟ್ಟೆಲರು 1862ರಲ್ಲಿ ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ಯೆಂದು ಕನ್ನಡ ಪದ್ಯದಲ್ಲಿ ಬರೆದರು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಪ್ರಕಟಿಸಿದರು. ಲಘುಗುರುಗಳನ್ನು ಅವರಷ್ಟು ಬಲ್ಲವರು ನಮ್ಮಲ್ಲಿಯೇ ಎಷ್ಟು ಮಂದಿ? ಅತ್ತ ತಂಜಾವೂರಿನ ವೇದನಾಯಗಂ ಶಾಸ್ತ್ರಿಗಳು ತಮಿಳಿನಲ್ಲಿ ಕ್ರೈಸ್ತ ಕೀರ್ತನೆಗಳನ್ನು ರಚಿಸಿದರು. ಇತ್ತ ಮರಾಠಿಯಲ್ಲಿ ನಾರಾಯಣ ವಾಮನ ಟಿಳಕರು ಅಭಂಗಗಳ ಮಟ್ಟಿನಲ್ಲಿ ಬರೆದರು.

ಈಗ ನಮ್ಮಲ್ಲಿ ಮೂರು ಪಕ್ಷಗಳು. ಹಳೆಯ ಮನೆತನದವರಿಗೆ ಜರ್ಮನಿಯ ಧಾಟಿಯಿಲ್ಲದೆ ಆರಾಧನೆಯೇ ಅಲ್ಲ. ಕೆಲವರಿಗೆ ತಬಲಾ, ಹಾರ್ಮೋನಿಯಂ ಕೂಡಿದ ಕೀರ್ತನೆಯೇ ಬೇಕು. ತರುಣರಿಗೆ ಗಿಟಾರು, ಕೀಬೋರ್ಡು, ಡ್ರಮ್ಮು. ಮೂವರೂ ತಮ್ಮ ರುಚಿಯನ್ನು ರುಚಿಯೆಂದು ಹೇಳುವದಿಲ್ಲ, ಭಕ್ತಿಯೆಂದೇ ಹೇಳುವರು. ನಾನು ಎರಡನೆಯ ಪಕ್ಷದವನು. ಹೃದಯದಲ್ಲಿ ಹಾಡಬೇಕೆಂದು ಪೌಲನು ಎಫೆಸದವರಿಗೆ ಬರೆದದ್ದನ್ನು ತೋರಿಸಿ, ‘ಹೃದಯದಲ್ಲಿ ಎಂದಿದ್ದಾನೆ, ಡ್ರಮ್ಮಿನಲ್ಲಿ ಎಂದಿಲ್ಲ’ ಎಂದು ಹುಡುಗರನ್ನು ಗದರಿಸಿದ್ದುಂಟು. ಅವರು ನಕ್ಕು ಸುಮ್ಮನಾದರು. ಸಂತ ಆಗಸ್ಟೀನನು ತನ್ನ ಆತ್ಮನಿವೇದನೆಯ ಗ್ರಂಥದಲ್ಲಿ, ಹಾಡಿನ ಅರ್ಥಕ್ಕಿಂತ ಇಂಪಿಗೆ ತನ್ನ ಮನಸ್ಸು ಹೆಚ್ಚಾಗಿ ಕರಗಿದಾಗ ಅದು ಪಾಪವೇ ಸರಿಯೆಂದು ಒಪ್ಪಿಕೊಂಡಿರುವನು. ಅಂಥ ಶಂಕೆ ನನಗೆ ನನ್ನ ವಿಷಯದಲ್ಲಿ ಬಂದಿರಲೇ ಇಲ್ಲ.

ನಮ್ಮ ಸಭೆಯಲ್ಲಿ ನೇಕಾರರ ಮನೆಯ ವೃದ್ಧೆಯೊಬ್ಬಳಿರುವಳು. ಓದು ಬಾರದು, ಹಾಡುಗಳೆಲ್ಲ ಕೇಳಿ ಕಲಿತವು. ಜರ್ಮನಿಯ ಧಾಟಿಯನ್ನೂ ಆಕೆ ಬೀಸುವ ಕಲ್ಲಿನ ಪದದಂತೆ ಬಳುಕಿಸಿ, ಎಲ್ಲರಿಗಿಂತ ಅರ್ಧ ಸಾಲು ಹಿಂದೆ, ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಹಾಡುವಳು. ‘ಕೃಪೆ’ಯು ಆಕೆಯ ಬಾಯಲ್ಲಿ ‘ಕುರುಪಿ’. ಒಂದು ರವಿವಾರ ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು ನಾನು, “ಯವ್ವಾ, ಕೃಪೆ ಅನಬೇಕು. ನೀ ಅಂದಂಗ ಅಂದರ ದೇವರು ಕುರೂಪಿ ಅಂದಂಗ ಆಗತೈತಿ” ಎಂದೆನು. ಸುತ್ತಲಿದ್ದ ಮಕ್ಕಳು ನಕ್ಕರು. ನಿಜ ಹೇಳಬೇಕೆಂದರೆ, ಅವರು ನಕ್ಕದ್ದು ನನಗೆ ಹಿತವಾಯಿತು. ಮುಂದಿನ ವಾರದಿಂದ ಆಕೆಯ ದನಿ ಕೇಳಿಸಲಿಲ್ಲ. ನಾನು ಅದನ್ನು ಗಮನಿಸಿದ್ದು ತಿಂಗಳಾದ ಮೇಲೆ.

ಸ್ವರ ತಪ್ಪಿದ ಮಂತ್ರವು ಯಜಮಾನನನ್ನೇ ಕೊಲ್ಲುವದೆಂದು ಶಿಕ್ಷಾಶಾಸ್ತ್ರವು ಹೇಳುವದು. ಇಂದ್ರನನ್ನು ಕೊಲ್ಲುವ ಮಗನನ್ನು ಬಯಸಿದ ತ್ವಷ್ಟೃವು ಒಂದು ಸ್ವರ ತಪ್ಪಿ, ಇಂದ್ರನಿಂದಲೇ ಸಾಯುವ ಮಗನನ್ನು ಪಡೆದನಂತೆ. ಈ ಕಥೆಯನ್ನು ತರಗತಿಯಲ್ಲಿ ನೂರು ಸಲ ಹೇಳಿರುವೆನು. ಅದೇ ಸಂಸ್ಕೃತದಲ್ಲಿ ಮತ್ತೊಂದು ಸುಭಾಷಿತವೂ ಉಂಟು: ವಿಷ್ಣುಶಬ್ದದ ಚತುರ್ಥಿಯನ್ನು ತಪ್ಪಾಗಿ ನುಡಿದ ಪಾಮರನಿಗೂ ಸರಿಯಾಗಿ ನುಡಿದ ಪಂಡಿತನಿಗೂ ಪುಣ್ಯವು ಸಮಾನ, ಏಕೆಂದರೆ ದೇವರು ಗ್ರಹಿಸುವದು ಭಾವವನ್ನು. ಇದನ್ನು ನಾನು ಹೇಳಿದ್ದು ಕಡಿಮೆ. ಎರಡೂ ಕಂಠಸ್ಥವಾಗಿರುವಾಗ, ನನ್ನ ಕಿವಿಗೆ ಒಪ್ಪಿದ್ದನ್ನೇ ಆರಿಸಿಕೊಂಡೆನು. ಈ ಸುಭಾಷಿತವು ಸೋಮಾರಿಗಳಿಗೆ ನೆವವಾಗಬಲ್ಲದೆಂಬುದೂ ಸುಳ್ಳಲ್ಲ; ಆದರೆ ಆ ವೃದ್ಧೆಯು ಸೋಮಾರಿಯಲ್ಲ.

ಒಂದು ಸಂಜೆ ಆಕೆಯ ಮನೆಗೆ ಹೋದೆನು. ಓಣಿಯಲ್ಲಿರುವಾಗಲೇ, ಮಗ ಖಣ ನೇಯುವ ಮಗ್ಗದ ಸದ್ದಿನ ನಡುವೆ ಆಕೆಯ ಹಾಡು ಕೇಳಿಬಂತು, ‘ಕುರುಪಿ’ಯೂ ಕೇಳಿಬಂತು. ಹೊಸ್ತಿಲಲ್ಲಿ ನನ್ನನ್ನು ಕಂಡೊಡನೆ ಹಾಡು ನಿಂತಿತು. ಕಂಡಿಕೆ ಸುತ್ತುತ್ತಿದ್ದವಳು ರಾಟಿಯನ್ನು ಬದಿಗಿಟ್ಟು ಕಂಬಳಿ ಹಾಸಿದಳು. ನಾನು ಬಂದ ಕಾರಣವನ್ನು ಹೇಳಿ, ತಪ್ಪಾಯಿತೆಂದು ಬೇಡಿಕೊಂಡೆನು.

“ಅಯ್ಯ, ನಿಮ್ಮದೇನ ತಪ್ಪೈತ್ರಿ ಮಾಸ್ತರ್ರ? ನಾಲಿಗಿ ನಂದ ತಿರಗೂದಿಲ್ಲ. ಗುಡಿಯಾಗ ಮನಸಿನ್ಯಾಗ ಹಾಡತೇನ್ರಿ. ದೇವರಿಗೆ ಕೇಳಸತೈತಲ್ರಿ?”

ಹುಡುಗರಿಗೆ ನಾನು ತೋರಿಸಿದ ಪೌಲನ ಮಾತೇ ಅದು. ಕೇಳಿಸುವದೆಂದು ಹೇಳಿದೆನು, ನನಗೂ ಕೇಳಬೇಕಾಗಿದೆಯೆಂದೂ ಹೇಳಿದೆನು. ಆಕೆ ನಕ್ಕು ಚಹಾ ತರಲು ಒಳಗೆ ಹೋದಳು.

ಇದಾಗಿ ಏಳು ರವಿವಾರಗಳು ಕಳೆದವು. ತರುಣರ ಹಾಡುಗಳನ್ನೂ ಪುಸ್ತಕ ಹಿಡಿದು ಹಾಡುತ್ತಿರುವೆನು. ತಾಳ ಇನ್ನೂ ಕೈಗೆ ಬಂದಿಲ್ಲ. ಹಾಡಿನಲ್ಲಿ ‘ಕೃಪೆ’ಯೆಂಬ ಶಬ್ದ ಬಂದಾಗಲೆಲ್ಲ ಹೆಂಗಸರ ಸಾಲಿನತ್ತ ಕಿವಿಗೊಡುವೆನು. ಆಕೆಯ ತುಟಿಗಳು ಅಲುಗಾಡುವದು ಕಾಣುತ್ತದೆ.