ಗುಡಿ ಒಡೆದವನನ್ನು ಬಿಟ್ಟು ಗುಡಿಯನ್ನೇ ದಂಡಿಸುವವರು

ಬಸವಣ್ಣನವರು ಮನುಷ್ಯನ ಕಾಯವನ್ನೇ ಶಿವಾಲಯವಾಗಿ ಕಂಡ ವಚನವನ್ನು ಅರಿಯದ ಶರಣಬಂಧುಗಳು ನಮ್ಮಲ್ಲಿ ಯಾರೂ ಇರಲಾರರು. ಅದನ್ನು ಪ್ರಾರ್ಥನೆಯಲ್ಲಿ ಹಾಡುತ್ತೇವೆ, ಮದುವೆಯ ಮನೆಯಲ್ಲಿ ಹೇಳುತ್ತೇವೆ, ಮಕ್ಕಳಿಂದ ಕಂಠಪಾಠ ಮಾಡಿಸಿ ಬಹುಮಾನ ಕೊಡುತ್ತೇವೆ. ಕಲ್ಲಿನ ಗುಡಿಯನ್ನು ಕಟ್ಟಿಸಲು ಸಿರಿತನ ಬೇಕು, ಈ ಗುಡಿಯಾದರೋ ಬಡವನಿಗೂ ಹುಟ್ಟಿನೊಡನೆಯೇ ಬಂದದ್ದು ಎಂಬುದು ಅದರ ಮೊದಲ ಅರ್ಥ. ಬಡವಳಿಗೂ ಬಂದಿದೆ ಎಂಬುದನ್ನು ಮಾತ್ರ ವ್ಯಾಖ್ಯಾನಕಾರರು ಸಾಮಾನ್ಯವಾಗಿ ಬಿಡಿಸಿ ಹೇಳುವುದಿಲ್ಲ. ಇಂದು ಅದನ್ನೇ ಹೇಳಬೇಕಾಗಿದೆ.

2015ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಮಧ್ಯಪ್ರದೇಶದ ಒಂದು ಪ್ರಕರಣ ಬಂದಿತ್ತು. ಬಾಲಕಿಯೊಬ್ಬಳ ಮೇಲೆ ನಡೆದ ಅತ್ಯಾಚಾರ. ನಡುವೆ ರಾಜಿಯ ಅರ್ಜಿ. ನ್ಯಾಯಾಲಯವು ಇಂತಹ ಅಪರಾಧಗಳಲ್ಲಿ ಯಾವ ಸಂದರ್ಭದಲ್ಲಿಯೂ ರಾಜಿ ಸಲ್ಲದೆಂದೂ, ಮದುವೆಯ ಮಾತು ಮುಂದಿಟ್ಟರೂ ಒಪ್ಪಲಾಗದೆಂದೂ ಖಂಡಿತವಾಗಿ ಹೇಳಿತು. ಸ್ತ್ರೀಯ ಶರೀರವು ಅವಳದೇ ಆದ ದೇವಾಲಯ ಎಂಬ ಅರ್ಥದ ಮಾತೂ ಆ ತೀರ್ಪಿನಲ್ಲಿದೆ. ಎಂಟು ನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ಮೂಡಿದ ಅರಿವು ದೆಹಲಿಯ ನ್ಯಾಯಪೀಠದ ಬಾಯಲ್ಲಿ ಬಂದಿತಲ್ಲ ಎಂದು ಹಿಗ್ಗುವಷ್ಟರಲ್ಲಿಯೇ, ಅದೇ ತೀರ್ಪು ಮುಂದುವರಿದು, ಶರೀರವು ಕಳಂಕಿತವಾದಾಗ ಅತ್ಯಂತ ಪರಿಶುದ್ಧವಾದ ನಿಧಿಯೇ ಕಳೆದುಹೋಗುತ್ತದೆ ಎನ್ನುತ್ತದೆ. ತೀರ್ಪಿನ ನಿರ್ಣಯ ಒಪ್ಪತಕ್ಕದ್ದೇ. ಆದರೆ ಈ ಒಂದು ಮಾತನ್ನು ಶರಣಮಾರ್ಗದವರು ಒಪ್ಪುವಂತಿಲ್ಲ.

ಏಕೆಂದರೆ ಗುಡಿಗೆ ಕಳ್ಳ ನುಗ್ಗಿದರೆ ಕಳಂಕ ಯಾರದು? ಬೀಗ ಮುರಿದವನದಲ್ಲವೇ? ಊರ ಹೊರಗೆ ಒಂಟಿಯಾಗಿ ಏಕೆ ನಿಂತಿದ್ದೆ, ಕತ್ತಲಾದ ಮೇಲೆ ದೀಪ ಉರಿಸಿಕೊಂಡು ಏಕಿದ್ದೆ ಎಂದು ಗುಡಿಯನ್ನು ಯಾರೂ ಕೇಳುವುದಿಲ್ಲ. ಊರವರೆಲ್ಲ ಸೇರಿ ಠಾಣೆಗೆ ದೂರು ಕೊಡುತ್ತಾರೆ, ಮರುದಿನ ಎಂದಿನಂತೆ ಪೂಜೆ ಸಲ್ಲಿಸುತ್ತಾರೆ. ಹೆಣ್ಣಿನ ವಿಷಯ ಬಂದಾಗ ಮಾತ್ರ ಕಳ್ಳನನ್ನು ಬಿಟ್ಟು ಗುಡಿಯ ವಿಚಾರಣೆಗೆ ತೊಡಗುತ್ತಾರೆ. ಕೌಶಿಕನ ಅರಮನೆಯನ್ನು ತೊರೆದು ಕಲ್ಯಾಣದ ದಾರಿ ಹಿಡಿದ ಅಕ್ಕಮಹಾದೇವಿ ಇಂದು ನಮ್ಮೂರಿನ ಕಟ್ಟೆಯ ಮುಂದೆ ಹಾದುಹೋದರೆ, ಅರಮನೆಗೆ ಹೋದದ್ದೇಕೆ ಎಂದು ಕೇಳುವ ಹಿರಿಯರು ಅಲ್ಲಿ ಕುಳಿತೇ ಇರುತ್ತಾರೆ.

ನಮ್ಮ ಪದಗಳನ್ನೇ ನೋಡಿರಿ. ‘ಮಾನಭಂಗ’ ಎನ್ನುತ್ತೇವೆ, ‘ಶೀಲಹರಣ’ ಎನ್ನುತ್ತೇವೆ, ‘ಅವಳು ಕೆಟ್ಟಳು’ ಎನ್ನುತ್ತೇವೆ. ಮಾಡಿದವನು ಅವನು, ಮಾನ ಹೋದದ್ದು ಇವಳದು! ‘ಅತ್ಯಾಚಾರ’ ಎಂಬ ಪದವೊಂದೇ ಇದ್ದುದರಲ್ಲಿ ಪ್ರಾಮಾಣಿಕವಾದುದು. ಅತಿ, ಆಚಾರ, ಆಚಾರವನ್ನು ಮೀರಿದ ನಡತೆ. ಮೀರಿದವನು ಯಾರೆಂಬುದು ಆ ಪದದೊಳಗೇ ಇದೆ. ಸದಾಚಾರವನ್ನು ಪಂಚಾಚಾರಗಳಲ್ಲಿ ಒಂದೆಂದು ಎಣಿಸುವ ನಾವು ಈ ವ್ಯತ್ಯಾಸವನ್ನು ಅರಿಯದೆ ಹೋದರೆ ಬೇರೆ ಯಾರು ಅರಿಯಬೇಕು?

ಕಾನೂನು ಕೂಡ ಬಹುಕಾಲ ಇದೇ ಕಟ್ಟೆಯ ಮೇಲೆಯೇ ಕುಳಿತಿತ್ತು. 1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಠಾಣೆಗೆ ವಿಚಾರಣೆಗೆಂದು ಬಂದಿದ್ದ ಆದಿವಾಸಿ ಹುಡುಗಿಯ ಮೇಲೆ ಠಾಣೆಯ ಒಳಗೇ ದೌರ್ಜನ್ಯ ನಡೆಯಿತು. ಆರೋಪಿಗಳು ಇಬ್ಬರು ಪೊಲೀಸರು. (ಪ್ರಕರಣವು ಅವಳ ಹೆಸರಿನಿಂದಲೇ ಪ್ರಸಿದ್ಧವಾಗಿದೆ; ಇಲ್ಲಿ ಅದನ್ನು ಬರೆಯುವುದಿಲ್ಲ.) ಹುಡುಗಿಗೆ ಲೈಂಗಿಕ ಸಂಪರ್ಕದ ಅಭ್ಯಾಸವಿತ್ತೆಂದು ಸೆಷನ್ಸ್ ನ್ಯಾಯಾಲಯ ಅವರನ್ನು ಬಿಟ್ಟಿತು. ಉಚ್ಚ ನ್ಯಾಯಾಲಯ ಶಿಕ್ಷಿಸಿತು. 1978ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮೈಮೇಲೆ ಗಾಯದ ಗುರುತುಗಳಿಲ್ಲವೆಂಬುದನ್ನೇ ಮುಖ್ಯವಾಗಿ ಎಣಿಸಿ ಮತ್ತೆ ಬಿಡುಗಡೆ ಮಾಡಿತು. ರಾತ್ರಿಯ ಹೊತ್ತು, ಠಾಣೆಯ ಒಳಗೆ, ಪೊಲೀಸರ ಎದುರು ಒಬ್ಬ ಬಾಲೆ ಎಷ್ಟು ಗಾಯಗಳನ್ನು ತೋರಿಸಿದ್ದರೆ ಸಾಕಾಗುತ್ತಿತ್ತು? 1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಗಂವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ದೇಶದ ಸ್ತ್ರೀಯರು ಬೀದಿಗಿಳಿದರು. 1983ರಲ್ಲಿ ಕಾನೂನು ತಿದ್ದಲ್ಪಟ್ಟಿತು: ಪೊಲೀಸರ ವಶದಲ್ಲಿದ್ದಾಗ ಇಂತಹ ಕೃತ್ಯ ನಡೆದು, ತನ್ನ ಒಪ್ಪಿಗೆ ಇರಲಿಲ್ಲವೆಂದು ಆಕೆ ಹೇಳಿದರೆ, ನ್ಯಾಯಾಲಯ ಹಾಗೆಂದೇ ಭಾವಿಸಬೇಕು, ನೊಂದವಳ ಗುರುತನ್ನು ಪ್ರಕಟಿಸುವುದು ಅಪರಾಧ.

ಆದರೂ 1872ರ ಸಾಕ್ಷ್ಯ ಅಧಿನಿಯಮದಲ್ಲಿ, ದೂರುದಾರಳು ನಡತೆಗೆಟ್ಟವಳೆಂದು ತೋರಿಸಿ ಅವಳ ಮಾತನ್ನು ತಳ್ಳಿಹಾಕಲು ಆರೋಪಿಗೆ ಅವಕಾಶ ಕೊಡುವ ಉಪಕಲಂ ಉಳಿದೇ ಇತ್ತು. ಅದನ್ನು ತೆಗೆಯಲು 2002ರ ತಿದ್ದುಪಡಿ ಕಾಯ್ದೆಯೇ ಬರಬೇಕಾಯಿತು. ನೂರ ಮೂವತ್ತು ವರ್ಷ! 2012ರ ದೆಹಲಿಯ ಘಟನೆಯ ನಂತರ, 2013ರಲ್ಲಿ, ದೈಹಿಕವಾಗಿ ಪ್ರತಿಭಟಿಸಲಿಲ್ಲ ಎಂಬ ಕಾರಣ ಮಾತ್ರದಿಂದ ಒಪ್ಪಿಗೆ ಇತ್ತೆಂದು ಭಾವಿಸಕೂಡದೆಂದು ಕಾನೂನೇ ಬಾಯಿಬಿಟ್ಟು ಹೇಳಿತು. ಎರಡು ಬೆರಳಿನ ಪರೀಕ್ಷೆ ಎಂಬ ಅಮಾನುಷ ಪದ್ಧತಿಯನ್ನು ನಡೆಸುವವರು ದುರ್ನಡತೆಯ ತಪ್ಪಿತಸ್ಥರೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಸಾರಿತು. ವಿವಾಹಿತೆಯ ವಿಷಯದಲ್ಲಿ ಮಾತ್ರ, ಗಂಡನಿಗೆ ಕೊಟ್ಟ ವಿನಾಯಿತಿಯನ್ನು 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಉಳಿಸಿಕೊಂಡಿದೆ. ತಾಳಿ ಕಟ್ಟಿದ ಮಾತ್ರಕ್ಕೆ ಗುಡಿ ಗಂಡನ ಆಸ್ತಿಯಾಗುವುದೇ?

ಪುಸ್ತಕದ ಕಾನೂನು ಬದಲಾದರೂ ಮನಸ್ಸು ಬದಲಾಗುವುದು ತಡ. 2020ರ ಜೂನ್‌ನಲ್ಲಿ ನಮ್ಮದೇ ರಾಜ್ಯದ ಉಚ್ಚ ನ್ಯಾಯಾಲಯದ ನಿರೀಕ್ಷಣಾ ಜಾಮೀನಿನ ಆದೇಶವೊಂದರಲ್ಲಿ, ಕೃತ್ಯದ ನಂತರ ದಣಿದು ನಿದ್ರೆಹೋದೆನೆಂದು ದೂರುದಾರಳು ಹೇಳಿದ್ದು ಭಾರತೀಯ ನಾರಿಗೆ ತಕ್ಕುದಲ್ಲ ಎಂಬ ಅಭಿಪ್ರಾಯ ದಾಖಲಾಯಿತು. ಟೀಕೆಗಳು ಬಂದ ಮೇಲೆ ಮುಂದಿನ ತಿಂಗಳು ಆ ಮಾತನ್ನು ತೆಗೆದುಹಾಕಲಾಯಿತು. ಆಘಾತಕ್ಕೊಳಗಾದ ಜೀವ ಅಳಬಹುದು, ಮರಗಟ್ಟಬಹುದು, ನಿದ್ರೆಗೂ ಜಾರಬಹುದು. ಅದಕ್ಕೊಂದು ಶಾಸ್ತ್ರವನ್ನು ಬರೆದವರು ಯಾರು?

ಇನ್ನೊಂದು ಪ್ರಕರಣವೂ ಕರ್ನಾಟಕದ್ದೇ. ಏಳೆಂಟು ವರ್ಷದ ಮಗುವಿನ ಮೇಲೆ ಅತ್ಯಾಚಾರವೆಸಗಿದ ನಡುವಯಸ್ಸಿನವನಿಗೆ ವಿಚಾರಣಾ ನ್ಯಾಯಾಲಯ ಹತ್ತು ವರ್ಷ ಶಿಕ್ಷೆ ವಿಧಿಸಿತ್ತು. ಅವನು ಅನಕ್ಷರಸ್ಥ, ಕುಡಿತದ ಚಟವುಳ್ಳವನು, ಮುದಿ ತಾಯಿ, ಹೆಂಡತಿ, ಮಕ್ಕಳು ಅವನನ್ನೇ ನಂಬಿದ್ದಾರೆ ಎಂದು ಉಚ್ಚ ನ್ಯಾಯಾಲಯ ಅದನ್ನು ನಾಲ್ಕು ವರ್ಷಕ್ಕಿಳಿಸಿತು. 2000ದಲ್ಲಿ ಸರ್ವೋಚ್ಚ ನ್ಯಾಯಾಲಯ ಹತ್ತು ವರ್ಷವನ್ನು ಮರಳಿ ವಿಧಿಸಿತು. ಅವನ ಮಕ್ಕಳು ನೆನಪಿಗೆ ಬಂದವು, ಆ ಮಗು ನೆನಪಿಗೆ ಬರಲಿಲ್ಲ. ನಮ್ಮ ಹಳ್ಳಿಗಳ ರಾಜಿ ಪಂಚಾಯಿತಿಗಳಲ್ಲಿ ನಡೆಯುವುದೂ ಇದೇ. ‘ಹುಡುಗನ ಭವಿಷ್ಯ ಹಾಳಾಗುತ್ತದೆ’, ‘ಎರಡು ಮನೆತನದ ಮರ್ಯಾದೆ’, ‘ಅವನಿಗೇ ಕೊಟ್ಟು ಮದುವೆ ಮಾಡಿರಿ’. ನಮ್ಮ ಹಿರಿಯರು ಇದನ್ನು ದಯೆ ಎಂದು ತಿಳಿದಿದ್ದಾರೆ. ದಯೆಯೇ ಧರ್ಮದ ಮೂಲವೆಂದು ಶರಣರು ಹೇಳಿದ್ದು ಬಲ್ಲಿದನ ಕಡೆಗೆ ವಾಲುವ ದಯೆಯನ್ನಲ್ಲ.

ಇಂತಹ ರಾಜಿಗೆ ಬೇರೊಂದು ಕಾರಣವೂ ಇದೆ. 2022ರಲ್ಲಿ ದೇಶದಲ್ಲಿ ದಾಖಲಾದ ಅತ್ಯಾಚಾರ ಪ್ರಕರಣಗಳು 31,516. ದಾಖಲಾದ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚಿನವುಗಳಲ್ಲಿ ಆರೋಪಿಯು ಹೆಣ್ಣಿಗೆ ಪರಿಚಿತನೇ: ನೆಂಟ, ನೆರೆಯವ, ಒಡೆಯ, ಗೆಳೆಯ. ಅವನ ಮುಖ ನಾಳೆಯೂ ನೋಡಬೇಕಲ್ಲ ಎಂಬ ಸಂಕೋಚ ಊರಿಗೆ. ಆ ಮುಖವನ್ನು ಅವಳೂ ನೋಡಬೇಕೆಂಬುದು ಯಾರ ಲೆಕ್ಕಕ್ಕೂ ಇಲ್ಲ.

‘ಸುಳ್ಳು ದೂರುಗಳೂ ಇರುತ್ತವೆಯಲ್ಲ’ ಎಂದು ಕೆಲವರು ಕೇಳುವರು. ಇರಬಹುದು; ಸಾಕ್ಷ್ಯವನ್ನು ಒರೆಗೆ ಹಚ್ಚಲೆಂದೇ ನ್ಯಾಯಾಲಯವಿದೆ, ಆರೋಪಿಗೂ ವಕೀಲರಿದ್ದಾರೆ. ಜಗಲಿಯ ಮೇಲೆ ಕುಳಿತು ಅವಳ ನಡತೆಯನ್ನು ತೂಗುವ ತಕ್ಕಡಿಯನ್ನು ನಮ್ಮ ಕೈಗೆ ಯಾರೂ ಕೊಟ್ಟಿಲ್ಲ.

ಕೊನೆಯದಾಗಿ ನಮ್ಮ ಮನೆಯ ಮಾತು. ಮಠಗಳು ಶಾಲೆಗಳನ್ನೂ ಪ್ರಸಾದನಿಲಯಗಳನ್ನೂ ನಡೆಸುತ್ತವೆ, ಸಾವಿರಾರು ಮಕ್ಕಳು ಅಲ್ಲಿದ್ದಾರೆ. 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಮಗುವಿನ ಮೇಲೆ ಇಂತಹ ಅಪರಾಧ ನಡೆದಿದೆಯೆಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಆರು ತಿಂಗಳವರೆಗೆ ಸೆರೆವಾಸ, ಕೈಕೆಳಗಿನವರ ಕೃತ್ಯವನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಕಾವಿಗೂ ಖಾದಿಗೂ ಇಲ್ಲಿ ವಿನಾಯಿತಿ ಬರೆದಿಲ್ಲ. ‘ಸಂಸ್ಥೆಯ ಹೆಸರು’ ಎಂದು ತಡೆಯುವ ಭಕ್ತರು ತಾವು ಯಾವ ಗುಡಿಯನ್ನು ಕಾಯುತ್ತಿದ್ದೇವೆ ಎಂದು ಕೇಳಿಕೊಳ್ಳಲಿ.

ನೊಂದವಳು ನಿಮ್ಮ ಮನೆಯ ಬಾಗಿಲಿಗೆ ಬಂದರೆ ಏನು ನಡೆಯಿತೆಂದು ಹತ್ತು ಸಲ ಹೇಳಿಸಬೇಡಿರಿ. ಯಾವ ಠಾಣೆಗೆ ಹೋದರೂ, ಗಡಿ ನಮ್ಮದಲ್ಲವೆನ್ನದೆ ದೂರು ಬರೆದುಕೊಳ್ಳಬೇಕು. ನಿರಾಕರಿಸಿದ ಅಧಿಕಾರಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದ ಶಿಕ್ಷೆಯಿದೆ. ಆಸ್ಪತ್ರೆ ಸರ್ಕಾರದ್ದಿರಲಿ, ಖಾಸಗಿಯದಿರಲಿ, ಕೂಡಲೇ ಉಚಿತವಾಗಿ ಚಿಕಿತ್ಸೆ ಕೊಡಬೇಕು. ಸ್ತ್ರೀಯರ ಸಹಾಯವಾಣಿ 181, ಮಕ್ಕಳದು 1098. ಜೊತೆಗೆ ಹೋಗಿರಿ, ಹೇಳಿಕೆ ಮುಗಿಯುವವರೆಗೆ ಹೊರಗಿನ ಬೆಂಚಿನ ಮೇಲೆ ಕುಳಿತಿರಿ, ಮರಳಿ ಬಂದ ಮೇಲೆ ಅವಳ ಹೆಸರನ್ನು ಯಾರಲ್ಲಿಯೂ ಎತ್ತದಿರಿ.