ಮನೆಯ ಸೈಕಲ್ಲೇ ಸಾಕು

ಕ್ರೀಡಾಸ್ಪರ್ಧೆಗಳ ಕಾಲ ಬಂತೆಂದರೆ ಸೈಕಲ್ ಪಂದ್ಯಕ್ಕೆ ಹೆಸರು ಕೊಡಬೇಕೆನ್ನುವ ಹುಡುಗರಲ್ಲಿ ಎರಡು ಬಗೆಯವರನ್ನು ಕಾಣುತ್ತೇವೆ. ಒಬ್ಬನು ರೇಸಿನ ಸೈಕಲ್ಲೇ ಬೇಕೆಂದು ಮನೆಯಲ್ಲಿ ಹಟ ಹಿಡಿಯುತ್ತಾನೆ. ಇನ್ನೊಬ್ಬನು ಅಪ್ಪ ಹಾಲು ಹಾಕಲು ಒಯ್ಯುವ ಕರಿ ಸೈಕಲ್ಲನ್ನು ಅಂಗಡಿಗೆ ಕೊಂಡೊಯ್ದು, ಮಡಗಾರ್ಡು, ಕ್ಯಾರಿಯರ್, ಗಂಟೆ, ಕೊನೆಗೆ ಬ್ರೇಕನ್ನು ಸಹ ಬಿಚ್ಚಿಸಿ, 'ಈಗ ಹಗುರಾಯಿತು' ಎಂದು ಹಿಗ್ಗುತ್ತಾನೆ. ಮೊದಲನೆಯವನಿಂದ ಪಾಲಕರ ಜೇಬಿಗೆ ಅಪಾಯ; ಎರಡನೆಯವನಿಂದ ಅವನ ಜೀವಕ್ಕೇ ಅಪಾಯ. ಇಬ್ಬರೂ ತಪ್ಪು ದಾರಿಯಲ್ಲಿದ್ದಾರೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಟೈಮ್ ಟ್ರಯಲ್ ಎಂದರೆ ಗಡಿಯಾರದೊಡನೆ ಪಂದ್ಯ. ಸವಾರರನ್ನು ಗುಂಪಾಗಿ ಬಿಡುವುದಿಲ್ಲ. ಒಂದೊಂದು ನಿಮಿಷದ ಅಂತರದಲ್ಲಿ ಒಬ್ಬೊಬ್ಬರನ್ನೇ ಬಿಡುತ್ತಾರೆ. ಇಂಗ್ಲೆಂಡಿನಲ್ಲಿ ರಸ್ತೆಯ ಮೇಲೆ ಗುಂಪುಗುಂಪಾಗಿ ಪಂದ್ಯ ನಡೆಸುವುದಕ್ಕೆ ವಿರೋಧ ಬಂದಾಗ ಬಿಡ್ಲೇಕ್ ಎಂಬವರು 1895ರಲ್ಲಿ ಈ ಪದ್ಧತಿಯಿಂದ 50 ಮೈಲಿಯ ಪಂದ್ಯ ನಡೆಸಿದರು. ಗುಂಪಿನ ಪಂದ್ಯದಲ್ಲಿ ಮುಂದಿನವನ ಬೆನ್ನ ಹಿಂದೆ ಅಡಗಿ ಗಾಳಿಯನ್ನು ತಪ್ಪಿಸಿಕೊಳ್ಳಬಹುದು. ಇಲ್ಲಿ ಅದಕ್ಕೆ ಅವಕಾಶವಿಲ್ಲ. ಎದುರಿನ ಗಾಳಿಯನ್ನೆಲ್ಲ ತಾನೊಬ್ಬನೇ ಸೀಳಬೇಕು.

ಮರ್ಮವಿರುವುದು ಈ ಗಾಳಿಯಲ್ಲಿಯೇ. ಜತ್ತದ ಮಾಳಿನ ಮೇಲೆ ನಿಂತ ಗಾಳಿಯಂತ್ರಗಳನ್ನು ದಿನವೂ ನೋಡುವ ನಮಗೆ ಗಾಳಿಯ ಬಲವನ್ನು ಬೇರೆ ಹೇಳಬೇಕಾಗಿಲ್ಲ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಅದನ್ನು ಗೆಲ್ಲಲು ಕಾಲು ಹಾಕಬೇಕಾದ ಶಕ್ತಿ ಎಂಟು ಪಟ್ಟು. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗ ಮುಟ್ಟಿದ ಸವಾರನ ಶ್ರಮದ ಬಹುಪಾಲು ಗಾಳಿಗೇ ಹೋಗುತ್ತದೆ. ಮೇಲಾಗಿ, ಆ ಗಾಳಿಯನ್ನು ಹೆಚ್ಚಾಗಿ ತಡೆಯುವುದು ಸೈಕಲ್ಲಲ್ಲ, ಅದರ ಮೇಲೆ ನೆಟ್ಟಗೆ ಕುಳಿತ ನಮ್ಮ ಎದೆ. ಸೈಕಲ್ಲು 20 ಕಿಲೊ, ಹುಡುಗ 50 ಕಿಲೊ ಇದ್ದಾಗ ಬ್ರೇಕು ಬಿಚ್ಚಿ ಒಂದು ಕಿಲೊ ಉಳಿಸಿದರೂ ಎಪ್ಪತ್ತರಲ್ಲಿ ಒಂದು ಕಡಿಮೆಯಾಯಿತು, ಅಷ್ಟೇ. ಏರಿನಲ್ಲಿ ತುಸು ತಿಳಿದೀತು, ಬಯಲಿನಲ್ಲಿ ತಿಳಿಯುವುದೇ ಇಲ್ಲ.

ಸ್ಕಾಟ್ಲೆಂಡಿನ ಗ್ರೇಮ್ ಓಬ್ರೀ ಇದನ್ನು ಜಗತ್ತಿಗೇ ತೋರಿಸಿಕೊಟ್ಟ. ಆತ ಸೈಕಲ್ ಅಂಗಡಿ ಇಟ್ಟು ಕೈಸುಟ್ಟುಕೊಂಡವನು. ತನ್ನ ಸೈಕಲ್ಲನ್ನು ತಾನೇ ಕಟ್ಟಿಕೊಂಡ. ಪೆಡಲುಗಳ ನಡುವಿನ ಅಗಲ ಕಡಿಮೆಯಾಗಲೆಂದು ಅಲ್ಲಿ ಬಟ್ಟೆ ಒಗೆಯುವ ಯಂತ್ರದ ಬೇರಿಂಗುಗಳನ್ನು ಕೂಡಿಸಿದ. ಮೊಣಕಾಲಿಗೆ ತಾಗುವ ಮೇಲಿನ ದಂಡಿಗೆಯನ್ನೇ ಬಿಟ್ಟ. ಹ್ಯಾಂಡಲನ್ನು ಎದೆಯ ಕೆಳಗೆ ಬರುವಂತೆ ಇಟ್ಟು, ತೋಳುಗಳನ್ನು ಪಕ್ಕೆಗೆ ಮಡಚಿ, ಹಕ್ಕಿ ರೆಕ್ಕೆ ಮುದುಡಿಕೊಂಡಂತೆ ಬಾಗಿ ಕುಳಿತ. 1993ರ ಜುಲೈ 16ರಂದು ನಾರ್ವೆಯ ಹಮಾರ್‌ನಲ್ಲಿ ಗಂಟೆಯ ದಾಖಲೆಗೆ ಯತ್ನಿಸಿದಾಗ ಹೊಸದಾಗಿ ಮಾಡಿಸಿದ ಸೈಕಲ್ಲಿನ ಮೇಲೆ ಸೋತ. ಮರುದಿನ ಬೆಳಿಗ್ಗೆ ತನ್ನ ಹಳೆಯ ಸೈಕಲ್ಲನ್ನೇ ಹತ್ತಿ ಒಂದು ಗಂಟೆಯಲ್ಲಿ 51.596 ಕಿ.ಮೀ. ಕ್ರಮಿಸಿ, ಇಟಲಿಯ ಮೋಸೆರ್ 1984ರಲ್ಲಿ ಸ್ಥಾಪಿಸಿದ್ದ ದಾಖಲೆಯನ್ನು ಮುರಿದ! ಆರು ದಿನಗಳಲ್ಲೇ ಕ್ರಿಸ್ ಬೋರ್ಡ್‌ಮನ್ ಅದನ್ನು ಮೀರಿದನೆಂಬುದೂ, 1994ರಲ್ಲಿ ಅಂತರರಾಷ್ಟ್ರೀಯ ಸೈಕಲ್ ಸಂಸ್ಥೆ ಓಬ್ರೀಯ ಆ ಭಂಗಿಯನ್ನೇ ನಿಷೇಧಿಸಿತೆಂಬುದೂ ನಿಜ. ಆದರೆ ಆತ ಬದಲಿಸಿದ್ದು ಮುಖ್ಯವಾಗಿ ಕೂರುವ ರೀತಿಯನ್ನು ಎಂಬುದು ನಮಗೆ ಬೇಕಾದ ಸಂಗತಿ. 1989ರ ಫ್ರಾನ್ಸ್ ಪ್ರವಾಸ ಪಂದ್ಯದ ಕೊನೆಯ ದಿನ ಅಮೆರಿಕದ ಲೆಮಾಂಡ್ 50 ಸೆಕೆಂಡು ಹಿಂದಿದ್ದವನು, ತೋಳುಗಳನ್ನು ಮುಂದೆ ಚಾಚಿ ಒರಗಿಸುವ ಹ್ಯಾಂಡಲಿನ ನೆರವೂ ಸೇರಿ, 24.5 ಕಿ.ಮೀ. ಟೈಮ್ ಟ್ರಯಲ್ ಮುಗಿಯುವಷ್ಟರಲ್ಲಿ 8 ಸೆಕೆಂಡಿನಿಂದ ಇಡೀ ಪಂದ್ಯವನ್ನೇ ಗೆದ್ದದ್ದು ಸಹ ಇಂಥದೇ.

ಇನ್ನು ನಮ್ಮ ಕರಿ ಸೈಕಲ್ಲಿಗೆ ಬರೋಣ. ಇದು ರೇಸಿಗೆ ಹುಟ್ಟಿದ್ದಲ್ಲ, ಎರಡು ಕ್ಯಾನು ಹಾಲು ಹೊರಲು ಹುಟ್ಟಿದ್ದು. ಮೊದಲು ಸೀಟನ್ನು ನೋಡಿರಿ. ಪೆಡಲು ತೀರ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು, ಅಷ್ಟು ಎತ್ತರಿಸಿರಿ. ಆದರೆ ಸೀಟಿನ ಕೊಳವೆಯ ಸಾಕಷ್ಟು ಭಾಗ ಒಳಗೇ ಉಳಿದಿರಲಿ. ಸೀಟಿನ ಕೆಳಗಿನ ಕ್ಲಿಪ್ಪನ್ನು ಹಿಂದುಮುಂದಾಗಿ ತಿರುಗಿಸಿ ಬಿಗಿದರೆ ಸೀಟು ಒಂದಿಷ್ಟು ಮುಂದೆ ಬರುತ್ತದೆ. ಬಾಗಿ ಕುಳಿತಾಗ ತೊಡೆ ಹೊಟ್ಟೆಗೆ ಒತ್ತುವುದು ಕಡಿಮೆಯಾಗುತ್ತದೆ. ಹ್ಯಾಂಡಲನ್ನು ಇಳಿಯುವಷ್ಟು ಇಳಿಸಬೇಕು. ಇಲ್ಲಿಯೇ ಹುಡುಗರು ಎಡವುವುದು. ಹ್ಯಾಂಡಲನ್ನು ತಲೆಕೆಳಗು ಮಾಡಿದರೆ ರೇಸಿನ ಸೈಕಲ್ಲಿನಂತೆ ಕಾಣುತ್ತದೆಂದು ಅವರ ಆಸೆ. ಸಲಾಕೆಯ ಬ್ರೇಕಿದ್ದ ಸೈಕಲ್ಲಿನಲ್ಲಿ ಬ್ರೇಕಿನ ಹಿಡಿಕೆಗಳು ಹ್ಯಾಂಡಲಿಗೇ ಅಂಟಿಕೊಂಡಿರುತ್ತವೆ. ಅದನ್ನು ತಿರುವಿದರೆ ಬ್ರೇಕು ಕೆಲಸ ಮಾಡುವುದಿಲ್ಲ. ಹಾಗಿದ್ದರೆ ವೈರಿನ ಬ್ರೇಕು ಹಾಕಿಸೋಣವೆಂದರೆ, ಅದು ರಿಮ್ಮನ್ನು ಎರಡು ಪಕ್ಕದಿಂದ ಹಿಡಿಯುವಂಥದು. ಹಳೆಯ ಸೈಕಲ್ಲಿನ ರಿಮ್ಮಿನ ಪಕ್ಕಗಳು ದುಂಡಗಿರುವುದರಿಂದ ರಬ್ಬರು ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಸಲಾಕೆಯ ಬ್ರೇಕಿನವರು ಹ್ಯಾಂಡಲನ್ನು ಇಳಿಸಿ, ಸಲಾಕೆಗಳನ್ನೂ ಅದಕ್ಕೆ ತಕ್ಕಂತೆ ಸರಿಪಡಿಸಿ, ಮೊಣಕೈ ಮಡಚಿ ಬಾಗುವುದನ್ನು ರೂಢಿಸಿಕೊಂಡರೆ ಸಾಕು. ಬೆನ್ನು ಬಾಗಲು ಖರ್ಚಿಲ್ಲ, ರೂಢಿ ಮಾತ್ರ ಬೇಕು. ದಿನಕ್ಕೆ ಐದು ನಿಮಿಷದಿಂದ ಆರಂಭಿಸಿ ಬೆಳೆಸಿರಿ.

ಕ್ಯಾರಿಯರ್, ಸ್ಟ್ಯಾಂಡು, ಚೈನಿನ ಡಬ್ಬಿ, ಮಡಗಾರ್ಡುಗಳನ್ನು ಪಂದ್ಯದ ದಿನದ ಮಟ್ಟಿಗೆ ಬಿಚ್ಚಲು ಅಡ್ಡಿಯಿಲ್ಲ. ಇವುಗಳ ಕಡ್ಡಿಗಳು ಗಾಲಿಯ ನಟ್ಟಿನೊಳಗೇ ಸಿಕ್ಕಿಕೊಂಡಿರುತ್ತವೆ. ಬಿಚ್ಚಿದ ಮೇಲೆ ನಟ್ಟನ್ನು ಮತ್ತೆ ಬಿಗಿ ಮಾಡಿ, ಗಾಲಿಯನ್ನು ಎತ್ತಿ ತಿರುಗಿಸಿ ನೋಡದೆ ಹತ್ತಬಾರದು. ಟಾಯರಿಗೆ ಅದರ ಪಕ್ಕದಲ್ಲಿ ಬರೆದಷ್ಟು ಗಾಳಿ, ಚೈನಿಗೆ ಎಣ್ಣೆ, ಮೈಗೆ ಹತ್ತಿದ ಬಟ್ಟೆ, ತಲೆಗೆ ಹೆಲ್ಮೆಟ್. ಪಟಪಟ ಬಡಿಯುವ ಸಡಿಲು ಅಂಗಿಯೂ ಗಾಳಿ ಹಿಡಿಯುತ್ತದೆ.

ಹಣ ಹಾಕಲೇಬೇಕೆಂದರೆ ಹಿಂದಿನ ಫ್ರೀವ್ಹೀಲಿಗೆ ಹಾಕಿರಿ. ಮುಂದಿನ ಚಕ್ರದಲ್ಲಿ 44 ಹಲ್ಲು, ಹಿಂದೆ 18 ಇದ್ದು ಗಾಲಿ ಒಂದು ಸುತ್ತಿಗೆ 2.2 ಮೀಟರು ಉರುಳಿದರೆ ಪೆಡಲಿನ ಒಂದು ಸುತ್ತಿಗೆ ಸುಮಾರು 5.4 ಮೀಟರು. 16 ಹಲ್ಲಿನದನ್ನು ಹಾಕಿದರೆ 6 ಮೀಟರು. ನಿಮಿಷಕ್ಕೆ 90 ಸುತ್ತು ತುಳಿಯಬಲ್ಲವನಿಗೆ ಇದು ಗಂಟೆಗೆ 29 ಮತ್ತು 32 ಕಿ.ಮೀ.ಗಳ ನಡುವಿನ ಅಂತರ. ಅಷ್ಟು ತುಳಿಯಲಾರದವನು 18ರಲ್ಲೇ ಇರಲಿ. ಭಾರದ ಹಲ್ಲು ಅವನ ಮೊಣಕಾಲನ್ನು ಕೆಡಿಸುತ್ತದೆ. ಗಣಿತದ ಮಾಸ್ತರರು ಪ್ರಮಾಣದ ಲೆಕ್ಕ ಕಲಿಸುವಾಗ ಮಕ್ಕಳಿಂದ ತಮ್ಮ ತಮ್ಮ ಸೈಕಲ್ಲಿನ ಹಲ್ಲು ಎಣಿಸಿಸಿದರೆ ಎಷ್ಟು ಚೆಂದ!

ಬ್ರೇಕಿನ ವಿಷಯದಲ್ಲಿ ಮಾತ್ರ ರಾಜಿಯಿಲ್ಲ. ಓಬ್ರೀಯ ಸೈಕಲ್ಲಿಗೆ ಬ್ರೇಕು ಇರಲಿಲ್ಲವಲ್ಲ ಎಂದು ಯಾರಾದರೂ ಜಾಣ ಕೇಳಿಯಾನು. ಅದು ಓಡಿದ್ದು ಕಟ್ಟಿದ ಟ್ರ್ಯಾಕಿನಲ್ಲಿ. ಅಲ್ಲಿ ಎಮ್ಮೆ ಅಡ್ಡ ಬರುವುದಿಲ್ಲ, ಕಬ್ಬಿನ ಟ್ರ್ಯಾಕ್ಟರು ಬರುವುದಿಲ್ಲ. ವಿಜಾಪುರ ರಸ್ತೆಯ ಲಾರಿಗೆ ನೀವು ರೇಸಿಗೆ ತಯಾರಿ ನಡೆಸಿದ್ದೀರೆಂದು ಗೊತ್ತಿರುವುದಿಲ್ಲ.

ರೇಸಿನ ಸೈಕಲ್ಲೇ ಬೇಡವೆಂದು ನಾನು ಹೇಳುತ್ತಿಲ್ಲ. ನೆರೆಯ ವಿಜಾಪುರ, ಬಾಗಲಕೋಟೆಗಳ ಕಡೆಯಿಂದ ಹೆಸರಾಂತ ಸೈಕಲ್ ಪಟುಗಳು ಬಂದಿದ್ದಾರೆ. ಆ ಮಟ್ಟ ಮುಟ್ಟಿದವನಿಗೆ ಒಳ್ಳೆಯ ಸೈಕಲ್ಲು ಅವಶ್ಯ. ಆದರೆ ಕರಿ ಸೈಕಲ್ಲಿನ ಮೇಲೆ ತನ್ನದೇ ಹೊತ್ತನ್ನು ಒಂದು ವರ್ಷ ಇಳಿಸುತ್ತ ಬಂದ ಹುಡುಗನಿಗೋ ಹುಡುಗಿಗೋ ಪಾಲಕರು ಕುರಿ ಮಾರಿ ಹತ್ತಾರು ಸಾವಿರದ ಸೈಕಲ್ಲು ಕೊಡಿಸಿದರೆ ಅದಕ್ಕೆ ಅರ್ಥವಿದೆ. ಅದಕ್ಕಿಂತ ಮುಂಚೆ ಕೊಡಿಸಿದ್ದು ಬೇಗನೆ ಗೋಡೆಗೆ ಒರಗೀತು.

ಈ ಸಲದ ಸ್ನೇಹಸಮ್ಮೇಳನದಲ್ಲಿ ಮನೆಯ ಸೈಕಲ್ಲುಗಳಿಗೇ ಮೀಸಲಾದ 5 ಕಿ.ಮೀ. ಟೈಮ್ ಟ್ರಯಲ್ ಇಡೋಣವೆಂದು ನನ್ನ ಸೂಚನೆ. ಹುಡುಗಿಯರಿಗೂ ಬೇರೆ ಪಂದ್ಯ ಇರಲಿ. ಬೆಳಗಿನ 6 ಗಂಟೆಗೆ, ವಾಹನ ಸಂಚಾರವಿಲ್ಲದ ಊರ ಹಿಂದಿನ ದಾರಿಯಲ್ಲಿ. ಒಂದು ಸುಣ್ಣದ ಗೆರೆ, ಒಂದು ಗಡಿಯಾರ. ಗೆರೆಯ ಮುಂದೆ ಪ್ರತಿಯೊಬ್ಬರೂ ಸೈಕಲ್ಲು ತಳ್ಳುತ್ತ ಎರಡೂ ಬ್ರೇಕು ಹಿಡಿದು ತೋರಿಸಬೇಕು. ಗಾಲಿ ನಿಲ್ಲದಿದ್ದರೆ ಆ ಸೈಕಲ್ಲಿಗೆ ಪ್ರವೇಶವಿಲ್ಲ. ಹಿಂದಿನ ಸಂಜೆ ಶಾಲೆಯ ಅಂಗಳದಲ್ಲಿ ಎಲ್ಲರ ಸೈಕಲ್ಲುಗಳನ್ನೂ ಸರಿಮಾಡಿಕೊಳ್ಳೋಣ. ಪಾನಾ, ಪಂಪು ನಾನು ತರುತ್ತೇನೆ.