ದುಡ್ಡು ವಯಸ್ಸಿನ ಪುರಾವೆಯಲ್ಲ

ಆನೆ ಹಿಂಡು ಯಾವ ತೋಟದ ಅಂಚಿಗೆ ಬಂದು ನಿಂತಿದೆ ಎಂಬ ಸುದ್ದಿ ಈಗ ಆಲೂರು, ಸಕಲೇಶಪುರ ಸೀಮೆಯಲ್ಲಿ ಫೋನಿಗೇ ಬರುತ್ತದೆ. ಆ ಸಂದೇಶ ಪ್ಲಾಂಟರ್‌ಗೂ ಮುಟ್ಟುತ್ತದೆ, ಅವರ ತೋಟದ ರೈಟರಿಗೂ ಮುಟ್ಟುತ್ತದೆ, ಲೈನ್ ಮನೆಯಲ್ಲಿ ಮಗುವಿನ ತಲೆ ಬಾಚಿ ಶಾಲೆಗೆ ಹೊರಡಿಸುತ್ತಿರುವ ಕೂಲಿ ಹೆಂಗಸಿಗೂ ಮುಟ್ಟುತ್ತದೆ. ದುಡ್ಡು ಕಟ್ಟಿದವರಿಗೆ ಮಾತ್ರ ಆನೆಯ ಸುಳಿವು ಕೊಡುತ್ತೇವೆ ಎಂದು ಅರಣ್ಯ ಇಲಾಖೆ ಒಂದು ದಿನ ಹೇಳಿದ್ದರೂ ಈ ಊರಿನ ಜನ ರಸ್ತೆಗೆ ಇಳಿಯುತ್ತಿದ್ದರು.

ಸಂಜೆಯಾದರೆ ಅದೇ ಫೋನು ಮಗುವಿನ ಕೈಗೆ ಹೋಗುತ್ತದೆ. ಫ್ರೀ ಫೈರ್ ಮ್ಯಾಕ್ಸ್ ಇರಬಹುದು, ಬಿಜಿಎಂಐ ಇರಬಹುದು, ರೋಬ್ಲಾಕ್ಸ್ ಇರಬಹುದು. ಕಿವಿಯಲ್ಲಿ ಇಯರ್‌ಫೋನ್, ಅದರೊಳಗೆ ಯಾವುದೋ ಊರಿನ ಯಾರದೋ ದನಿ. ಆ ದನಿಯ ವಯಸ್ಸೆಷ್ಟು, ಅದು ಮಗುವಿನಿಂದ ಏನು ಕೇಳುತ್ತಿದೆ ಎಂಬುದು ಒಲೆಯ ಮುಂದೆ ಕೂತ ತಾಯಿಗೆ ಕೇಳಿಸುವುದಿಲ್ಲ. ಈ ಅಪಾಯಕ್ಕೆ ಒಂದು ಸುಲಭದ ಮದ್ದನ್ನು ಸೂಚಿಸುವವರಿದ್ದಾರೆ. ಆಟಕ್ಕೆ ಹಣ ಕಟ್ಟದವರಿಗೆ ಚಾಟ್ ಮುಚ್ಚಿಬಿಡಿ, ಕಟ್ಟಿದವರಿಗೆ ತೆರೆದಿಡಿ. ಹಣ ಕಟ್ಟುವವರು ದೊಡ್ಡವರೇ ಆಗಿರುತ್ತಾರೆ, ಪುಕ್ಕಟೆ ಆಡುವವರಲ್ಲೇ ಮಕ್ಕಳು ಹೆಚ್ಚು, ಹಾಗಾಗಿ ಮಕ್ಕಳು ತಾವಾಗಿಯೇ ಸುರಕ್ಷಿತ ಎಂಬುದು ಅವರ ಲೆಕ್ಕ.

ಈ ಲೆಕ್ಕವನ್ನು ನಾವು ತಿರಸ್ಕರಿಸುತ್ತೇವೆ. ಮಗುವಿನ ಸುರಕ್ಷತೆಯನ್ನು ಆಟದೊಳಗೆ ಮಾರುವ ಪಾಸು, ಚಂದಾ, ಡೈಮಂಡುಗಳ ಸಾಲಿಗೆ ಸೇರಿಸಿ ಮಾರಾಟಕ್ಕಿಡುವ ಯಾವ ನಿಯಮವೂ ಸುರಕ್ಷತೆಯ ನಿಯಮ ಅನ್ನಿಸಿಕೊಳ್ಳಲು ಯೋಗ್ಯವಲ್ಲ.

ಈ ಯೋಚನೆ ಹುಟ್ಟಿದ್ದು ಎಲ್ಲಿ ಎಂದು ನೋಡಬೇಕು. ಹದಿಮೂರು ತುಂಬದ ಮಕ್ಕಳ ಮಾಹಿತಿ ಸಂಗ್ರಹಿಸುವ ಮೊದಲು ತಂದೆತಾಯಿಯ ಒಪ್ಪಿಗೆ ಪಡೆಯಬೇಕೆಂದು ಅಮೆರಿಕ 1998ರಲ್ಲಿ ಕಾನೂನು ಮಾಡಿತು. ಒಪ್ಪಿಗೆ ಕೊಟ್ಟವರು ನಿಜಕ್ಕೂ ದೊಡ್ಡವರೇ ಎಂದು ತಿಳಿಯುವ ದಾರಿಗಳಲ್ಲಿ ಕ್ರೆಡಿಟ್ ಕಾರ್ಡಿನ ಪಾವತಿಯೂ ಒಂದಾಯಿತು. ಇತ್ತ ಕಂಪ್ಯೂಟರ್ ಆಟಗಳ ಮಾರುಕಟ್ಟೆಯಾದ ಸ್ಟೀಮ್, ಕನಿಷ್ಠ 5 ಡಾಲರ್ ಖರ್ಚು ಮಾಡದ ಖಾತೆಗಳಿಗೆ ಗೆಳೆತನದ ಆಹ್ವಾನ ಕಳಿಸುವ, ಗುಂಪು ಚಾಟ್ ತೆರೆಯುವ ಅವಕಾಶ ಕೊಡುವುದಿಲ್ಲ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಪುಕ್ಕಟೆ ಖಾತೆಗಳಿಗೂ ಮಾತಿನ ಮಿತಿಯಿದೆ. ಸ್ಟೀಮ್, ವಾರ್‌ಕ್ರಾಫ್ಟ್‌ಗಳ ಈ ಮಿತಿಗಳು ಬಂದದ್ದು ಕಸದ ಸಂದೇಶ ಕಳಿಸುವವರನ್ನೂ ಮೋಸದ ವ್ಯಾಪಾರಿಗಳನ್ನೂ ಹೊರಗಿಡಲು. ಆ ಕೆಲಸಕ್ಕೆ ಅವು ಸರಿ. ಸಾವಿರ ಸುಳ್ಳು ಖಾತೆ ತೆರೆಯುವವನು ಪ್ರತಿಯೊಂದಕ್ಕೂ ದುಡ್ಡು ಸುರಿಯಲಾರ. ಆದರೆ ಒಂದೇ ಮಗುವಿನ ಹಿಂದೆ ತಿಂಗಳುಗಟ್ಟಲೆ ಬೀಳುವವನಿಗೆ ಒಂದೇ ಖಾತೆ ಸಾಕು. ಅವನು ಆ ದುಡ್ಡನ್ನು ನಗುತ್ತಾ ಕಟ್ಟುತ್ತಾನೆ.

ಇನ್ನು, ಹಣ ಕಟ್ಟಿದವರು ದೊಡ್ಡವರೇ ಎಂಬ ನಂಬಿಕೆ. ಹೀಗೆ ನಂಬಿದವರು ನಮ್ಮ ಕಡೆಯ ಮನೆಗಳಿಗೆ ಕಾಲಿಟ್ಟವರಲ್ಲ. ಓದು ಬಾರದ ತಾಯಿಯ ಯುಪಿಐ ಪಿನ್ ಆರನೇ ಕ್ಲಾಸಿನ ಮಗನಿಗೆ ಬಾಯಿಪಾಠ. ಶನಿವಾರದ ಬಟವಾಡೆ ಖಾತೆಗೆ ಬಿತ್ತೇ ಎಂದು ನೋಡಿ ಹೇಳುವವನು ಅವನು, ಅಂಗಡಿಯವನಿಗೆ ಸ್ಕ್ಯಾನ್ ಮಾಡಿ ದುಡ್ಡು ಕಳಿಸುವವನೂ ಅವನೇ. ಇಪ್ಪತ್ತೊಂಬತ್ತೋ ಎಪ್ಪತ್ತೊಂಬತ್ತೋ ರೂಪಾಯಿ ಆಟದ ಕಂಪನಿಗೆ ಹೋದದ್ದು ಯಾರ ಗಮನಕ್ಕೂ ಬರುವುದಿಲ್ಲ. ಆ ಪಾವತಿಯನ್ನು ನೋಡಿ ಕಂಪನಿ ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತದೆ: ಈ ಖಾತೆ ದೊಡ್ಡವರದ್ದು, ಚಾಟ್ ತೆರೆಯಬಹುದು. ಹನ್ನೊಂದು ವರ್ಷದ ಹುಡುಗ ಒಂದು ಗುಂಡಿ ಒತ್ತಿ ಕಂಪನಿಯ ಪಾಲಿಗೆ ವಯಸ್ಕನಾಗಿಬಿಡುತ್ತಾನೆ. ಅಲ್ಲಿಂದ ಮುಂದೆ ಅವನಿಗೆ ಇದ್ದ ಅಲ್ಪಸ್ವಲ್ಪ ಕಾವಲೂ ಇಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮಕ್ಕಳನ್ನು ಒಲಿಸಿಕೊಳ್ಳಲು ಬರುವ ದೊಡ್ಡವರು ಮೊದಲು ಹಿಡಿದು ಬರುವುದು ಉಡುಗೊರೆಯನ್ನು. ಒಂದು ಕಾಲಕ್ಕೆ ಅದು ಪೆಪ್ಪರ್‌ಮೆಂಟು, ಈಗ ಆಟದೊಳಗಿನ ನಾಣ್ಯಗಳಾದ ಡೈಮಂಡು, ಯುಸಿ, ಇಲ್ಲವೇ ಬಂದೂಕಿನ ಹೊಸ ಸ್ಕಿನ್ನು. ಚಾಟ್ ಅನ್ನೇ ದುಡ್ಡಿನ ಸರಕು ಮಾಡಿದರೆ ಅವರ ಚೀಲಕ್ಕೆ ಇನ್ನೊಂದು ಆಮಿಷ ಸೇರಿಸಿಕೊಟ್ಟಂತೆ. ‘ನಿನಗೆ ಮಾತಾಡೋಕೆ ಆಗ್ತಿಲ್ವಾ? ನಾನು ಪಾಸ್ ಕೊಡಿಸ್ತೀನಿ’ ಎಂಬ ಒಂದು ಮಾತು ಸಾಕು. ಯಾರ ಮನೆಯಲ್ಲಿ ದುಡ್ಡಿಲ್ಲವೋ ಆ ಮಗುವೇ ಆ ಮಾತಿಗೆ ಮೊದಲು ತಲೆಯಾಡಿಸುವುದು. ಅಪ್ಪ ಅಮ್ಮ ಕೊಡಿಸಲಾಗದ್ದನ್ನು ಕೊಡಿಸಿದವನಿಗೆ ಅದು ಋಣಿಯಾಗುತ್ತದೆ, ಋಣದ ಮಾತನ್ನು ಮನೆಯಲ್ಲಿ ಮುಚ್ಚಿಡುತ್ತದೆ. ಬಡ ಮಗುವನ್ನು ಕಾಯುತ್ತೇವೆಂದು ಹೊರಟ ನಿಯಮ ಅದನ್ನೇ ಬೇಟೆಗಾರನ ಕೈಗೆ ಒಪ್ಪಿಸುತ್ತದೆ. ನಮ್ಮ ಆಕ್ಷೇಪದ ತಿರುಳು ಇದು.

ಇದು ನಗರದ ಶ್ರೀಮಂತರ ಮನೆಯ ಚಿಂತೆ ಎಂದು ಯಾರೂ ಹೇಳಬಾರದು. ಅವರ ಮನೆಗೂ ಅದು ನುಗ್ಗಿದೆ. ಆನ್‌ಲೈನ್ ಆಟದ ನಡುವೆ ಅಪರಿಚಿತನೊಬ್ಬ ತನ್ನ 13 ವರ್ಷದ ಮಗಳಿಗೆ ನಗ್ನ ಚಿತ್ರ ಕಳಿಸುವಂತೆ ಕೇಳಿದ್ದನ್ನು ಹಿಂದಿ ನಟ ಅಕ್ಷಯ್ ಕುಮಾರ್ 2025ರ ಅಕ್ಟೋಬರ್‌ನಲ್ಲಿ ಮುಂಬೈನ ಸೈಬರ್ ಜಾಗೃತಿ ಕಾರ್ಯಕ್ರಮದಲ್ಲಿ ಹೇಳಿಕೊಂಡರು. ಆ ಮಗು ಆಟ ನಿಲ್ಲಿಸಿ ನೇರವಾಗಿ ತಾಯಿಯ ಬಳಿ ಹೋಗಿ ಹೇಳಿತು. ಆ ಮನೆಗೆ ದುಡ್ಡಿನ ಕೊರತೆ ಇರಲಿಲ್ಲ. ಮಗುವನ್ನು ಕಾಪಾಡಿದ್ದು ದುಡ್ಡಲ್ಲ, ತಾಯಿಯ ಮುಂದೆ ಬಾಯಿಬಿಟ್ಟು ಹೇಳುವ ಧೈರ್ಯ.

ನಮ್ಮ ಶಿರಾಡಿ ಘಾಟಿ ಇಳಿದರೆ ಸಿಗುವ ಕಡಲ ತೀರದ ನೆನಪು ಇನ್ನೂ ಘೋರ. 2021ರ ಏಪ್ರಿಲ್‌ನಲ್ಲಿ ಉಳ್ಳಾಲದ ಕೆ.ಸಿ.ರೋಡ್ ಬಳಿ 12 ವರ್ಷದ ಬಾಲಕನ ಕೊಲೆಯಾಯಿತು. ಪಬ್‌ಜಿ ಆಟದ ಜಗಳ ಅದರ ಹಿಂದಿತ್ತೆಂದು ಪೊಲೀಸರು ಹೇಳಿದರು; ಸಿಕ್ಕಿಬಿದ್ದವನೂ ಅಪ್ರಾಪ್ತನೇ. ಪಬ್‌ಜಿ ಮೊಬೈಲ್ ಅನ್ನು ಕೇಂದ್ರ ಸರ್ಕಾರ ನಿಷೇಧಿಸಿದ್ದು 2020ರ ಸೆಪ್ಟೆಂಬರ್ 2ರಂದು, ಅಂದರೆ ಅದಕ್ಕೂ ಏಳು ತಿಂಗಳ ಹಿಂದೆ. ಆದೇಶ ದೆಹಲಿಯಲ್ಲಿತ್ತು, ಆಟ ಮಕ್ಕಳ ಕೈಯಲ್ಲಿತ್ತು. 2022ರ ಫೆಬ್ರುವರಿಯಲ್ಲಿ ಫ್ರೀ ಫೈರ್ ಕೂಡ ಹೋಯಿತು, ಅದರ ಒಡಹುಟ್ಟು ಫ್ರೀ ಫೈರ್ ಮ್ಯಾಕ್ಸ್ ಉಳಿಯಿತು. ಇವು ಮುಖ್ಯವಾಗಿ ದೇಶದ ಭದ್ರತೆಯ ಹೆಸರಿನಲ್ಲಿ ಬಂದ ನಿಷೇಧಗಳು. ಮಗುವಿನ ಕಿವಿಯೊಳಗಿನ ದನಿ ಯಾವ ಕಡತದ ವಿಷಯವೂ ಆಗಲಿಲ್ಲ.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಮಾಡಿದಾಗಲೂ ಅದರ ಕಣ್ಣು ಇದ್ದದ್ದು ಪಣಕ್ಕಿಡುವ ದುಡ್ಡಿನ ಮೇಲೆ. ದುಡ್ಡಿನ ಆಟಗಳನ್ನು ನಿಷೇಧಿಸಿದ್ದು ಸರಿಯೇ. ಆ ಆಟಗಳು ಮುಳುಗಿಸಿದ ಮನೆಗಳು ಹಾಸನ ಜಿಲ್ಲೆಯಲ್ಲೂ ಇವೆ. ಆದರೆ ಪಣವಿಲ್ಲದ ಸಾಮಾಜಿಕ ಆಟಗಳು ಚಂದಾ ಹಣ ಪಡೆಯಬಹುದು ಎಂದು ಅದೇ ಕಾಯ್ದೆ ಹೇಳುತ್ತದೆ. ಆ ಚಂದಾದ ಬದಲಿಗೆ ಕಂಪನಿ ಏನನ್ನು ಮಾರಬಹುದು, ಏನನ್ನು ಮಾರಕೂಡದು? ಬಟ್ಟೆ, ಬಂದೂಕು, ಕುಣಿತ ಮಾರಲಿ. ಮಗುವಿಗೆ ಅಪರಿಚಿತನ ಜೊತೆಗಿನ ಸಂಪರ್ಕವನ್ನು ಮಾರಕೂಡದು. ಈ ಗೆರೆಯನ್ನು ಸರ್ಕಾರ ನಿಯಮದ ಮೂಲಕ ಎಳೆಯಬೇಕು.

ವಯಸ್ಸು ತಿಳಿಯಲು ದುಡ್ಡಲ್ಲದೆ ಬೇರೆ ದಾರಿಯಿಲ್ಲ ಎಂಬ ನೆಪವೂ ನಿಲ್ಲುವುದಿಲ್ಲ. ನಮ್ಮದೇ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ಹದಿನೆಂಟು ತುಂಬದವರೆಲ್ಲರನ್ನೂ ಮಕ್ಕಳೆಂದು ಕರೆದಿದೆ. ಅವರ ಮಾಹಿತಿ ಬಳಸಲು ತಂದೆತಾಯಿಯ ಖಚಿತ ಒಪ್ಪಿಗೆ ಬೇಕು. ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. 2025ರ ನವೆಂಬರ್‌ನಲ್ಲಿ ಹೊರಬಂದ ನಿಯಮಗಳು ಡಿಜಿಲಾಕರ್ ಮೂಲಕ ಪೋಷಕರ ಗುರುತು ಖಚಿತಪಡಿಸಿಕೊಳ್ಳುವ ದಾರಿಯನ್ನೂ ತೋರಿಸಿವೆ. ಅದಕ್ಕೆ ಪಾಸ್ ಕೊಳ್ಳಬೇಕಾಗಿಲ್ಲ. ಕಂಪನಿಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟದ್ದು ಮಾತ್ರ ಅತಿ ಉದಾರವಾಯಿತು. ಹನ್ನೆರಡು ವರ್ಷದ ಮಗುವಿಗೆ ಹದಿನೆಂಟು ತಿಂಗಳು ಎಂದರೆ ಬಾಲ್ಯದ ದೊಡ್ಡ ಭಾಗ.

ಕಂಪನಿಗಳಿಗೆ ಮನಸ್ಸಿಲ್ಲವೇ ಹೊರತು ದಾರಿ ಇಲ್ಲದಿಲ್ಲ. ಬಿಜಿಎಂಐ 2023ರ ಮೇ ತಿಂಗಳಲ್ಲಿ ಮರಳಿ ಬಂದಾಗ ಹದಿನೆಂಟು ತುಂಬದವರಿಗೆ ದಿನಕ್ಕೆ 3 ಗಂಟೆಯ ಮಿತಿ ಹಾಕಿತು. ಸರ್ಕಾರ ಮೂರು ತಿಂಗಳ ಪರೀಕ್ಷೆಯ ಷರತ್ತಿನ ಮೇಲೆ ಅದಕ್ಕೆ ಮರಳಲು ಅವಕಾಶ ಕೊಟ್ಟಿತ್ತು. ದುಡ್ಡು ಕಟ್ಟಿದ ಮಗು, ಕಟ್ಟದ ಮಗು ಎಂಬ ಭೇದ ಅಲ್ಲಿರಲಿಲ್ಲ. ಫೋರ್ಟ್‌ನೈಟ್ ಆಟ ಪುಕ್ಕಟೆಯದ್ದು. ಅದರಲ್ಲಿ ಮಕ್ಕಳ ಧ್ವನಿ ಚಾಟ್ ಮೊದಲಿನಿಂದಲೇ ತೆರೆದಿರುತ್ತಿತ್ತು, ಅಪರಿಚಿತರೊಂದಿಗೆ ಅವರನ್ನು ಜೋಡಿಸಲಾಗುತ್ತಿತ್ತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2022ರ ಡಿಸೆಂಬರ್‌ನಲ್ಲಿ ಎಪಿಕ್ ಗೇಮ್ಸ್ ಕಂಪನಿಯಿಂದ ಮಕ್ಕಳ ಖಾಸಗಿತನದ ಕಾನೂನು ಮುರಿದದ್ದಕ್ಕೇ 27.5 ಕೋಟಿ ಡಾಲರ್ ದಂಡ ವಸೂಲಿಗೆ ಮುಂದಾಯಿತು. ಮಕ್ಕಳ, ಹದಿಹರೆಯದವರ ಚಾಟ್ ಮೊದಲಿನಿಂದಲೇ ಮುಚ್ಚಿರಬೇಕು ಎಂದಿತು. ರೋಬ್ಲಾಕ್ಸ್ 2026ರ ಜನವರಿಯಿಂದ ಚಾಟ್ ಬೇಕೆನ್ನುವ ಎಲ್ಲರಿಗೂ ವಯಸ್ಸಿನ ತಪಾಸಣೆಯನ್ನು ಕಡ್ಡಾಯ ಮಾಡಿ, ವಯಸ್ಸಿನ ಗುಂಪುಗಳನ್ನು ವಿಂಗಡಿಸಿತು. ಮುಖ ನೋಡಿ ವಯಸ್ಸು ಅಂದಾಜಿಸುವ ಆ ಕ್ರಮದ ಬಗ್ಗೆ ನಮಗೆ ಅನುಮಾನಗಳಿವೆ. ಮಗುವಿನ ಮುಖವನ್ನು ಕ್ಯಾಮೆರಾಕ್ಕೆ ಒಪ್ಪಿಸುವುದು ಸಣ್ಣ ವಿಷಯವಲ್ಲ. ಆದರೂ ಅದು ಕೇಳುವುದು ವಯಸ್ಸನ್ನು, ದುಡ್ಡನ್ನಲ್ಲ.

ಎಲ್ಲ ಮಕ್ಕಳಿಗೂ ಮಾತೇ ಬೇಡ ಎಂದು ನಾವು ಹೇಳುತ್ತಿಲ್ಲ. ಮಲೆನಾಡಿನ ಮಕ್ಕಳ ಒಂಟಿತನ ಗೊತ್ತಿಲ್ಲದವರು ಮಾತ್ರ ಹಾಗೆ ಹೇಳಬಲ್ಲರು. ಹೆತ್ತೂರು, ಹಾನುಬಾಳು ಕಡೆಯ ಒಂಟಿ ಮನೆಗಳಲ್ಲಿ ಆಷಾಢದ ಮಳೆ ಹಿಡಿದರೆ ಪಕ್ಕದ ಮನೆಯ ಗೆಳೆಯನ ಮುಖ ನೋಡಲು ವಾರ ಕಾಯಬೇಕು. ಆನೆ ತಿರುಗುವ ಕಡೆಗಳಲ್ಲಿ ಸಂಜೆ ಐದರ ಮೇಲೆ ಮಕ್ಕಳನ್ನು ಹೊರಗೆ ಬಿಡುವುದಿಲ್ಲ. ಕೊರೊನಾ ಕಾಲದಲ್ಲಿ ಮಲೆನಾಡಿನ ಮಕ್ಕಳು ಪಾಠಕ್ಕಾಗಿ ಕೊಡೆ ಹಿಡಿದು ಗುಡ್ಡ ಹತ್ತಿ ಸಿಗ್ನಲ್ ಹುಡುಕಿದರು. ಪಾಠ ಮುಗಿದ ಮೇಲೆ ಅದೇ ಗುಡ್ಡದ ಮೇಲೆ ಗೆಳೆಯರ ಜೊತೆ ಆಟವನ್ನೂ ಆಡಿದರು. ಒಂದೇ ಬೆಂಚಿನಲ್ಲಿ ಕೂರುವ ಇಬ್ಬರು ಆಟದೊಳಗೆ ಮಾತಾಡಿಕೊಂಡರೆ ಯಾರಿಗೂ ಕೇಡಿಲ್ಲ. ಹಣ ಕಟ್ಟದವರ ಬಾಯಿ ಮುಚ್ಚುವ ನಿಯಮ ಮೊದಲು ಕಿತ್ತುಕೊಳ್ಳುವುದು ಈ ಮಾತನ್ನೇ. ಪ್ಲಾಂಟರ್ ಮಗ ಮಾತಾಡುತ್ತಾನೆ, ಅವನದೇ ತರಗತಿಯ ಲೈನ್ ಮನೆಯ ಹುಡುಗ ಮೂಗನಾಗಿ ಆಡುತ್ತಾನೆ. ಶಾಲೆಯಲ್ಲಿ ಒಂದೇ ಸಮವಸ್ತ್ರ ಹಾಕಿಸಿ ಅಳಿಸಲು ಹೊರಟ ಭೇದವನ್ನು ಆಟದ ಕಂಪನಿ ಮತ್ತೆ ಬರೆದುಕೊಡುತ್ತದೆ.

ಇಲ್ಲಿನವರಿಗೆ ಬೇಲಿಯ ನ್ಯಾಯ ಚೆನ್ನಾಗಿ ಗೊತ್ತು. ಕೈಯಲ್ಲಿ ಕಾಸಿದ್ದವರು ತೋಟದ ಸುತ್ತ ಸೋಲಾರ್ ಬೇಲಿ ಹಾಕಿಸಿದರೆ ಆನೆ ಕಾಡಿಗೆ ಹಿಂದಿರುಗುವುದಿಲ್ಲ, ಬೇಲಿಯಿಲ್ಲದವರ ಗದ್ದೆಗೆ ತಿರುಗುತ್ತದೆ. ಚಾಟಿನ ವಿಷಯದಲ್ಲೂ ಹಾಗೆಯೇ. ಒಂದು ಬಾಗಿಲು ಮುಚ್ಚಿದರೆ ಅಪರಿಚಿತ ಇನ್‌ಸ್ಟಾಗ್ರಾಂ, ಟೆಲಿಗ್ರಾಂ, ಡಿಸ್ಕಾರ್ಡ್‌ಗೆ ಬಾ ಎಂದು ಮಗುವನ್ನು ಕರೆಯುತ್ತಾನೆ. ಆದ್ದರಿಂದ ಬೇಲಿ ಎಲ್ಲ ಮಕ್ಕಳ ಸುತ್ತಲೂ ಒಂದೇ ಸಮ ಇರಬೇಕು: ಅಪರಿಚಿತರ ಚಾಟ್ ಮೊದಲಿನಿಂದಲೇ ಮುಚ್ಚಿರಬೇಕು, ಪೋಷಕರು ಒಪ್ಪಿದ ಗೆಳೆಯರೊಂದಿಗಿನ ಮಾತು ಪುಕ್ಕಟೆಯಾಗಿ ತೆರೆದಿರಬೇಕು, ದೂರು ಕೊಡುವ ಗುಂಡಿ ಕನ್ನಡದಲ್ಲಿರಬೇಕು, ಆ ದೂರನ್ನು ಓದುವವರಿಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವೂ ಅರ್ಥವಾಗಬೇಕು. ಇದಕ್ಕೆಲ್ಲ ಖರ್ಚಾಗುತ್ತದೆ ಎಂದು ಕಂಪನಿಗಳು ಹೇಳುತ್ತವೆ. ಆಗಲಿ. ಪುಕ್ಕಟೆ ಆಡುವ ಮಕ್ಕಳ ಸಂಖ್ಯೆಯನ್ನೇ ತೋರಿಸಿ ಹೂಡಿಕೆದಾರರನ್ನು ಒಲಿಸುವವರು ಆ ಮಕ್ಕಳ ಕಾವಲಿನ ಖರ್ಚನ್ನೂ ಹೊರಬೇಕು.

ಅಪರಾಧ ಮಾಡಿದವನಿಗೆ ಕಾನೂನು ಇದೆ. ಲೈಂಗಿಕ ಉದ್ದೇಶದಿಂದ ಮಗುವನ್ನು ಎಲೆಕ್ಟ್ರಾನಿಕ್ ಸಾಧನದ ಮೂಲಕ ಪದೇ ಪದೇ ಸಂಪರ್ಕಿಸುವುದು 2012ರ ಪೋಕ್ಸೊ ಕಾಯ್ದೆಯಡಿ ಮೂರು ವರ್ಷದವರೆಗೆ ಜೈಲು ತರುವ ಅಪರಾಧ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ ಅಡಿ ಮೊದಲ ಸಲಕ್ಕೇ ಐದು ವರ್ಷದವರೆಗೆ ಶಿಕ್ಷೆ, ಹತ್ತು ಲಕ್ಷದವರೆಗೆ ದಂಡ. ಆದರೆ ಸೈಬರ್ ಅಪರಾಧಗಳ ಸಿಇಎನ್ ಠಾಣೆ ಇರುವುದು ಹಾಸನದಲ್ಲಿ, ಸಕಲೇಶಪುರದಿಂದ ಸುಮಾರು 40 ಕಿಲೋಮೀಟರ್ ದೂರ. ಯೆಸಳೂರಿನ ಕೂಲಿ ಕುಟುಂಬವೊಂದು ದಿನದ ಸಂಬಳ ಬಿಟ್ಟು, ಬಸ್ಸು ಹತ್ತಿ, ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಲಿ ಎಂದು ಕಾಯುವುದು ದೂರೇ ಬೇಡ ಎಂದಂತೆ. ಪೋಕ್ಸೊ ದೂರನ್ನು ಹತ್ತಿರದ ಯಾವ ಠಾಣೆಯೂ ನಿರಾಕರಿಸುವಂತಿಲ್ಲ ಎಂಬುದನ್ನು ಜಿಲ್ಲಾ ಪೊಲೀಸರು ಪ್ರತಿ ಠಾಣೆಯ ಗೋಡೆಯ ಮೇಲೂ ಬರೆಸಲಿ. ಮಕ್ಕಳ ಸಹಾಯವಾಣಿ 1098, ಸೈಬರ್ ಸಹಾಯವಾಣಿ 1930 ಎಂಬ ಎರಡು ಸಂಖ್ಯೆಗಳು ಶಾಲೆಯ ಗೋಡೆಯಲ್ಲಷ್ಟೇ ಅಲ್ಲ, ಬಟವಾಡೆ ನಡೆಯುವ ತೋಟದ ಆಫೀಸಿನ ಗೋಡೆಯಲ್ಲೂ ಇರಲಿ. ತಂದೆತಾಯಿ ವಾರಕ್ಕೊಮ್ಮೆ ಸಾಲು ನಿಲ್ಲುವ ಜಾಗ ಅದು. ಅಸ್ಸಾಂನಿಂದ ಬಂದು ಇಲ್ಲಿ ದುಡಿಯುವ ಕುಟುಂಬಗಳಿಗಾಗಿ ಅವರ ಭಾಷೆಯಲ್ಲೂ ಬರೆಸಲಿ.

ಗ್ರಾಮ ಪಂಚಾಯಿತಿಗಳು ಪ್ರತಿವರ್ಷ ಮಕ್ಕಳ ಗ್ರಾಮಸಭೆ ನಡೆಸಬೇಕು. ಶೌಚಾಲಯ, ಬಸ್ಸು, ಆಟದ ಮೈದಾನದ ಪ್ರಶ್ನೆಗಳು ಅಲ್ಲಿ ಬರುತ್ತವೆ, ಬರಲಿ. ಈ ಬಾರಿ ಆಲೂರು, ಸಕಲೇಶಪುರ ತಾಲ್ಲೂಕುಗಳ ಸಭೆಗಳಲ್ಲಿ ದೊಡ್ಡವರು ಇನ್ನೊಂದನ್ನೂ ಕೇಳಬೇಕು: ಆಟದಲ್ಲಿ ಗೊತ್ತಿಲ್ಲದವರು ನಿನಗೆ ಏನಾದರೂ ಕೊಡಿಸಿದ್ದಾರಾ? ಉತ್ತರವನ್ನು ಸಭೆಯ ಎದುರಿಗೆ ಹೇಳಿಸಬೇಡಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಆ ಚೀಟಿಗಳನ್ನು ಪಿಡಿಒ ಕಡತಕ್ಕೆ ಸೇರಿಸಿ ಮರೆಯದೆ, ಅಂದೇ ತಾಲ್ಲೂಕಿನ ಮಕ್ಕಳ ರಕ್ಷಣೆಯ ಹೊಣೆ ಹೊತ್ತ ಅಧಿಕಾರಿಯ ಕೈಗೆ ಕೊಡಲಿ.